ಒಳಗೆ ಬಿಟ್ಟ ಬಟ್ಟೆ

ರವಿಕೆ ಹೊಲಿಯುವಾಗ ಬಗಲಿನ ಒಳಗೆ ಎರಡು ಬೆರಳಿನಷ್ಟು ಬಟ್ಟೆಯನ್ನು ಹೆಚ್ಚಿಗೆ ಬಿಡುತ್ತೇವೆ. ಹೊರಗಿನಿಂದ ಅದು ಕಾಣುವುದಿಲ್ಲ. ಆ ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಸಾಲು ಹೊಲಿಗೆ ಹಾಕಿರುತ್ತೇವೆ. ತೊಟ್ಟವಳು ದಪ್ಪಗಾದರೆ ಮೈಗೆ ಹತ್ತಿರದ ಸಾಲನ್ನು ಬಿಚ್ಚಿದರೆ ಸಾಕು, ಅದೇ ರವಿಕೆ ಮತ್ತೆ ಮೈಗೆ ಬರುತ್ತದೆ. ನಮ್ಮ ಕಡೆಯ ಹೆಂಗಸರು ತಮ್ಮ ಮೈಯ ಸುದ್ದಿ ಹೇಳುವುದೇ ಈ ಲೆಕ್ಕದಲ್ಲಿ. "ಎರಡನೇದು ಹಡೆದ ಮ್ಯಾಲ ಎರಡು ಹೊಲಿಗಿ ಬಿಚ್ಚೀನ್ರಿ" ಅನ್ನುತ್ತಾರೆ. ಕಿಲೋ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ನನ್ನ ತಂಗಿಯನ್ನು ನಾನು ಸಾವಿನ ಬಾಗಿಲಿಗೆ ಕಳಿಸಿದ್ದು ಈ ಎರಡು ಬೆರಳಿನ ಬಟ್ಟೆಯಿಂದ. ಸಾಯಲಿ ಅನ್ನುವುದು ನನ್ನ ಮನಸ್ಸಿನಲ್ಲಿ ಇರಲಿಲ್ಲ ಎಂದರೆ ನೀವು ನಂಬಬಹುದು. ನಾನು ಪೂರ್ತಿ ನಂಬುವುದಿಲ್ಲ.

ನಾವು ಕೂಡ್ಲಿಗಿ ಕಡೆಯ ಒಂದು ಹಳ್ಳಿಯವರು. ಮನೆಯಲ್ಲಿ ಇಬ್ಬರೇ ಹೆಣ್ಣುಮಕ್ಕಳು. ನಾನು ದೊಡ್ಡವಳು, ಏಳನೆಯ ತರಗತಿ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕುಳಿತವಳು. ತಂಗಿಯನ್ನು ಕೊಟ್ಟೂರಿನ ಹಾಸ್ಟೆಲಿನಲ್ಲಿಟ್ಟು ಪಿಯುಸಿಯವರೆಗೆ ಓದಿಸಿದರು. ಆ ಫೀಸಿನಲ್ಲಿ ನನ್ನ ಹೊಲಿಗೆಯದೂ ಪಾಲಿತ್ತು. ಅದರ ಸಿಟ್ಟು ನನಗಿಲ್ಲ. ನನಗೆ ಸಿಟ್ಟು ಇದ್ದದ್ದು ಮೈಯ ಮೇಲೆ. ನಾನು ಕಡ್ಡಿ. ಕತ್ತಿನ ಎಲುಬು ಎಣಿಸಬಹುದಿತ್ತು. ಅವಳು ತುಂಬಿದ ಮೈಯವಳು, ಮೊಣಕೈಯಲ್ಲಿ ಗುಳಿ ಬೀಳುತ್ತಿದ್ದವಳು. ಓಣಿಯ ಹೆಂಗಸರು ಅವಳ ಗಲ್ಲ ಹಿಂಡಿ, "ಲಕ್ಷ್ಮಿ ಹಂಗ ಅದಾಳವ್ವ ಸಣ್ಣಾಕಿ" ಅನ್ನುವರು. ಆಮೇಲೆ ನನ್ನ ಕಡೆ ತಿರುಗಿ ಏನೂ ಅನ್ನದೆ ಹೋಗುವರು.

ನನ್ನನ್ನು ನೋಡಲು ಹರಪನಹಳ್ಳಿಯಿಂದ ಒಂದು ಗಂಡು ಬಂತು. ಸರ್ಕಾರಿ ಆಫೀಸಿನಲ್ಲಿ ಕೆಲಸ, ಇಸ್ತ್ರಿ ಮಾಡಿದ ಅಂಗಿ, ಎಡಗಡೆ ಬೈತಲೆ. ನಾನು ಸೆರಗು ಹೊದ್ದು ಮಣೆಯ ಮೇಲೆ ಕುಳಿತಿದ್ದೆ. ಗಂಡಿನ ತಾಯಿ ನನ್ನ ಮುಂಗೈ ಹಿಡಿದು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಬೆರಳಿನಿಂದ ಒತ್ತಿ ನೋಡಿದಳು. "ಎಲುಬಿಗಿ ಸೀರಿ ಸುತ್ತಿದಂಗ ಐತಿ" ಎಂದಳು. ಅಷ್ಟರಲ್ಲಿ ತಂಗಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು.

"ಈಕಿ ಯಾರು?" ಎಂದು ಆಕೆ ಕೇಳಿದಳು.

"ಸಣ್ಣಾಕ್ರಿ, ಇನ್ನಾ ಓದಾಕತ್ಯಾಳ" ಎಂದಳು ಅವ್ವ.

"ಓದು ಸಾಕು ಬಿಡ್ರಿ. ಕೈ ನೋಡ್ರಿ ಹೆಂಗ ಅದಾವು, ಬೆಣ್ಣಿ ಮುದ್ದಿ."

ಗಂಡು ತಲೆ ಎತ್ತಿದ್ದು ಆಗಲೇ. ತಂಗಿ ನಕ್ಕಳು. ಬಾಯಿ ಮುಚ್ಚಿಕೊಂಡು ಒಳಗೆ ಓಡಲಿಲ್ಲ, ತಟ್ಟೆ ಹಿಡಿದು ನಿಂತೇ ನಕ್ಕಳು. ಅವಳು ತೊಟ್ಟಿದ್ದ ರವಿಕೆಯನ್ನು ಹಿಂದಿನ ದಿನ ನಾನೇ ಹೊಲಿದಿದ್ದೆ. ನನ್ನದು ಹಳೆಯದಾಗಿತ್ತು, ಅವಳದು ಹೊಸದು.

ಆ ಗಂಡು ಅವಳನ್ನೇ ಒಪ್ಪಿತು. ಅವಳ ಮದುವೆಯ ರವಿಕೆಗಳನ್ನೂ ನಾನೇ ಹೊಲಿದೆ. ಮದುವೆಯ ಮುಂಚಿನ ದಿನ ಉಳಿದ ತುಂಡಿನಲ್ಲಿ ನನಗೊಂದು ರವಿಕೆ ಕತ್ತರಿಸುತ್ತಿದ್ದಾಗ ಅವಳು ಬಂದು ನೋಡಿ, "ನಿನಗ ಚಲೋ ಬಿಡಕ್ಕಾ, ಮೈಯಾಗ ಏನೂ ಇಲ್ಲ, ಬಟ್ಟಿ ಉಳೀತೈತಿ" ಎಂದಳು. ಚೇಷ್ಟೆ ಮಾಡಿದಳು ಅಷ್ಟೆ. ಆದರೆ ನಾನು ಆ ಮಾತನ್ನು ಎತ್ತಿಟ್ಟುಕೊಂಡೆ. ಆಮೇಲೆ ನನಗೂ ಒಂದು ಮದುವೆಯಾಯಿತು. ಹೆಂಡತಿ ಸತ್ತಿದ್ದ ಒಬ್ಬ ಲಾರಿ ಡ್ರೈವರ್. ಅವನೂ ಬಹಳ ದಿನ ಬದುಕಲಿಲ್ಲ. ನಾನು ಅವ್ವನನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣದೊಂದು ಅಂಗಡಿ ಹಾಕಿದೆ.

ತಂಗಿ ಹರಪನಹಳ್ಳಿಯಿಂದ ನನ್ನ ಹತ್ತಿರವೇ ಬರುತ್ತಿದ್ದಳು. ಬೇರೆಯವರ ಕೈಯ ಹೊಲಿಗೆ ಅವಳಿಗೆ ಒಗ್ಗುತ್ತಿರಲಿಲ್ಲ. ಮೊದಲ ಮಗಳಾದ ಮೇಲೆ ಒಂದು ಸಾಲು ಬಿಚ್ಚಿದೆ. ಮಗನಾದ ಮೇಲೆ ಇನ್ನೊಂದು. ಆಮೇಲೆ ಕುಳಿತು ತಿನ್ನುವ ಸುಖಕ್ಕೆ ಮೂರನೆಯದು. ಕೊನೆಗೆ ಒಳಗೆ ಬಿಡುವುದಕ್ಕೆ ಬಟ್ಟೆಯೇ ಉಳಿಯದೆ, ಕಂಕುಳಿನಲ್ಲಿ ಬೇರೆ ತುಂಡು ಜೋಡಿಸಬೇಕಾಯಿತು. ಒಂದೊಂದು ಸಾಲು ಬಿಚ್ಚುವಾಗಲೂ ದಾರದ ತುದಿಯನ್ನು ನಾನು ಮೆಲ್ಲಗೆ ಎಳೆಯುತ್ತಿದ್ದೆ. ಬೇಗ ಮುಗಿಸಲು ಮನಸ್ಸು ಬರುತ್ತಿರಲಿಲ್ಲ.

ಬೆಣ್ಣೆ ಮುದ್ದೆಯನ್ನು ಆರಿಸಿಕೊಂಡು ಹೋದವನೇ ಈಗ ಅವಳನ್ನು ಆಡಿಕೊಳ್ಳತೊಡಗಿದ್ದ. ನನ್ನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ, "ಅಕ್ಕಾರ, ನಿಮ್ಮ ತಂಗಿ ಸಲುವಾಗಿ ಬಸ್ಸಿನ್ಯಾಗ ಎರಡು ಸೀಟು ಹಿಡೀಬೇಕ್ರಿ" ಎಂದು ನಗುತ್ತಿದ್ದ. ನಾನು ಅವನ ಜೊತೆ ನಗುತ್ತಿದ್ದೆ.

ಅವಳಿಗೆ ಸಕ್ಕರೆ ಕಾಯಿಲೆ ಬಂತು. ಅದೇ ಹೊತ್ತಿಗೆ ಮಗಳಿಗೆ ಹಡಗಲಿಯಲ್ಲಿ ಗಂಡು ಗೊತ್ತಾಯಿತು. ದಾವಣಗೆರೆಯ ಒಬ್ಬ ಡಾಕ್ಟರು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿ ಬರೆದುಕೊಟ್ಟರು. ಪೆನ್ನಿನ ಹಾಗಿರುತ್ತದೆ. ಹಿಂದಿನ ತಿರುಪು ತಿರುಗಿಸಿದರೆ ಔಷಧಿಯ ಅಳತೆ ಹೆಚ್ಚಾಗುತ್ತದೆ. ಸಕ್ಕರೆಯೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಆದರೆ ಸಣ್ಣ ಅಳತೆಯಿಂದ ಶುರುಮಾಡಬೇಕು, ತಿಂಗಳು ತಿಂಗಳು ಬಂದು ತೋರಿಸಬೇಕು, ತಾವು ಹೇಳದೆ ಹೆಚ್ಚಿಸಬಾರದು ಎಂದು ಅವರು ಬಿಡಿಸಿ ಹೇಳಿದ್ದರು. ಇದನ್ನು ನನಗೆ ಹೇಳಿದವಳು ತಂಗಿಯೇ. ಹಾಗಾಗಿ ಗೊತ್ತಿರಲಿಲ್ಲ ಎನ್ನಲು ನನಗೆ ದಾರಿ ಇಲ್ಲ.

ಡಾಕ್ಟರ ಹತ್ತಿರ ಎರಡು ಸಲ ಹೋಗಿ ಆಮೇಲೆ ಬಿಟ್ಟಳು. ಪೆನ್ನನ್ನು ಪರಿಚಯದವರ ಕಡೆಯಿಂದ ತರಿಸಿಕೊಂಡು ಫ್ರಿಜ್ಜಿನ ಬಾಗಿಲಿನಲ್ಲಿ, ಮಜ್ಜಿಗೆ ಪ್ಯಾಕೆಟ್ಟಿನ ಪಕ್ಕದಲ್ಲಿ ಇಟ್ಟುಕೊಂಡಳು.

ಮೈ ಇಳಿಯತೊಡಗಿತು. ಮೊದಲ ಸಲ ರವಿಕೆಗಳನ್ನು ಬಿಗಿ ಮಾಡಿಸಲು ತಂದಾಗ ಅವಳ ಮುಖ ಮಿಂಚುತ್ತಿತ್ತು. ನಾನು ಅಳತೆ ತೆಗೆದುಕೊಂಡು ಹೊಲಿದೆ. ಅವತ್ತು ನಿಜವಾಗಿಯೂ ಕೈ ತಪ್ಪಿತು. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಸಾಲು ಬೇಕಾದ್ದಕ್ಕಿಂತ ಒಳಗೆ ಬಿತ್ತು. ಅವಳು ಪರದೆಯ ಹಿಂದೆ ತೊಟ್ಟು ನೋಡುತ್ತಾ, "ಅಕ್ಕಾ, ಹುಕ್ಕು ಬರವಲ್ದು" ಎಂದಳು. ನಾನು ಪರದೆ ಸರಿಸಿ ನೋಡಿದೆ. ಎರಡೂ ಕೈಯಿಂದ ಎದೆಯ ಮೇಲಿನ ಬಟ್ಟೆ ಎಳೆದು ಹಿಡಿದು ಕನ್ನಡಿಯ ಮುಂದೆ ನಿಂತಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು. ಮಣೆಯಿಂದ ಎದ್ದ ದಿನ ನನ್ನ ಮುಖವೂ ಹಾಗೇ ಇದ್ದಿರಬೇಕು.

'ತಡಿ, ನನ್ನದs ತಪ್ಪು' ಅನ್ನಬೇಕಿತ್ತು.

"ಇಳಿದಿಲ್ಲಲ್ಲಲೇ ನೀನು. ಮಾರಿ ಅಷ್ಟs ಇಳಿದೈತಿ" ಅಂದೆ.

"ಬಳಿ ಸಡ್ಲಾಗ್ಯಾವಲ್ಲಕ್ಕಾ, ನೋಡು."

"ಕೈ ಇಳಿದಾವು. ಹೊಟ್ಟಿ, ಬೆನ್ನು ಇದ್ದಂಗs ಅದಾವು." ಟೇಪನ್ನು ಬೆನ್ನಿನ ಹಿಂದಿನಿಂದ ಸುತ್ತಿ, ಬಂದದ್ದಕ್ಕಿಂತ ಎರಡು ಇಂಚು ಹೆಚ್ಚು ಹೇಳಿದೆ.

ಅವಳು ಕಣ್ಣು ಕೆಳಗೆ ಮಾಡಿದಳು. ಅದನ್ನು ನೋಡಿ ನನ್ನ ಬಾಯಲ್ಲಿ ಬೆಲ್ಲ ಕರಗಿದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಿಹಿಯಾದದ್ದನ್ನು ನಾನು ಅದುವರೆಗೆ ತಿಂದಿರಲಿಲ್ಲ.

ಮುಂದಿನ ಸಲ ಬೇಕೆಂದೇ ಮಾಡಿದೆ. ಅದರ ಮುಂದಿನ ಸಲವೂ. ಅವಳು ಇಳಿದಂತೆಲ್ಲ ನಾನು ಅದಕ್ಕಿಂತ ಮುಂದೆ ಹೋಗಿ ಸಾಲು ಹಾಕುತ್ತಿದ್ದೆ. ರವಿಕೆಯ ಒಳಗೆ ಬಟ್ಟೆ ದಪ್ಪಗಾಗುತ್ತ ಹೋಯಿತು, ಹೊರಗೆ ಅವಳಿಗೆ ಉಸಿರು ಬಿಗಿಯಾಗುತ್ತ ಹೋಯಿತು. ಅವಳಿಗೆ ಅನುಮಾನ ಬರಲಿಲ್ಲ. "ಮೆಡಿಕಲ್ ಅಂಗಡಿ ತೂಕದ ಮಿಶಿನ್ನು ಒಂದು ಹೇಳ್ತೈತಿ, ನಿನ್ನ ಟೇಪು ಒಂದು ಹೇಳ್ತೈತಿ" ಎಂದಳು ಒಮ್ಮೆ. "ಅವರೇನು, ಬಂದೋರು ಖುಷಿಯಾಗ್ಲಿ ಅಂತ ಕಡಿಮಿ ತೋರಸ್ತಾರ. ನೀನು ಒಡಹುಟ್ಟಿದಾಕಿ, ನೀ ಯಾಕ ಸುಳ್ಳು ಹೇಳ್ತೀ."

ಆಮೇಲೆ, ಕನ್ನಡಿಯನ್ನೇ ನೋಡುತ್ತಾ, "ಇನ್ನೊಂದೀಟು ಜಾಸ್ತಿ ತಿರುವ್ತೀನಿ ಈ ವಾರ" ಎಂದಳು.

ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಉಗುಳಿ ಮಾತಾಡಬಹುದಿತ್ತು. ಮಾತಾಡಲಿಲ್ಲ.

ತಿರುಪು ಹೆಚ್ಚಾದಂತೆ ಅವಳ ಪಾಡು ಬೇರೆಯೇ ಆಯಿತು. ಬಸ್ಸಿನಿಂದ ಇಳಿದವಳು ಮೊದಲು ಚರಂಡಿಯ ಹತ್ತಿರ ಬಗ್ಗುತ್ತಿದ್ದಳು. ಅನ್ನದ ವಾಸನೆಗೆ ವಾಕರಿಕೆ. ಕೊಳೆತ ಮೊಟ್ಟೆಯಂಥ ತೇಗು, ಅದಕ್ಕೆ ನಾಚಿ ಸೆರಗು ಬಾಯಿಗೆ ಇಟ್ಟುಕೊಂಡೇ ಮಾತಾಡುತ್ತಿದ್ದಳು. ಅವ್ವ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟರೆ ಒಂದು ಚೂರು ಮುರಿದು ತಟ್ಟೆಯಲ್ಲೇ ಸುತ್ತಿಸುತ್ತ ಕೂಡುವಳು. ತಲೆ ಬಾಚಿದರೆ ಬಾಚಣಿಗೆಯಲ್ಲಿ ಗುಬ್ಬಿಗೂಡಿನಷ್ಟು ಕೂದಲು. ಕಾಲುಂಗುರ ಎಲ್ಲಿ ಕಳಚಿ ಬಿತ್ತೋ ಗೊತ್ತಾಗದೆ, ದಾರ ಸುತ್ತಿ ಹೊಸದು ಹಾಕಿಕೊಂಡಳು. ಮರದ ಸ್ಟೂಲಿನ ಮೇಲೆ ಕುಳಿತರೆ ಕೆಳಗಿನ ಎಲುಬು ಒತ್ತಿ ನೋಯುತ್ತದೆ ಎಂದು ಬಟ್ಟೆಯ ಗಂಟು ಹಾಸಿಕೊಂಡು ಕೂಡುತ್ತಿದ್ದಳು.

ತೊಗಲು ಮಾತ್ರ ಎಲ್ಲೂ ಹೋಗಲಿಲ್ಲ. ಅದು ಜೋತು ಬಿತ್ತು. ರಟ್ಟೆ ಎತ್ತಿದರೆ ಕೆಳಗೆ ತೊಗಲು ಜೋಲಿಯ ಹಾಗೆ ಅಲುಗುತ್ತಿತ್ತು. ಎರಡೂ ಗಲ್ಲದಲ್ಲಿ ಗುಳಿ ಬಿದ್ದು, ಗದ್ದದ ಕೆಳಗೆ ಮಡಿಕೆಗಳು ಇಳಿದವು. ನನಗಿಂತ ನಾಲ್ಕು ವರ್ಷ ಚಿಕ್ಕವಳು ನನಗಿಂತ ಹತ್ತು ವರ್ಷ ದೊಡ್ಡವಳ ಹಾಗೆ ಕಂಡಳು. ಅಂಗಡಿಗೆ ಬಂದ ಒಬ್ಬ ಗಿರಾಕಿ, "ನಿಮ್ಮ ಅಕ್ಕಾರೇನ್ರಿ?" ಎಂದು ನನ್ನನ್ನು ಕೇಳಿದಳು. ಆಕೆಯ ಸೀರೆಗೆ ಫಾಲ್ಸ್ ಹಚ್ಚಿದ ಕೂಲಿಯನ್ನು ನಾನು ಅವತ್ತು ತೆಗೆದುಕೊಳ್ಳಲಿಲ್ಲ, ಹಾಗೇ ಕೊಟ್ಟೆ.

ಮಗಳ ಮದುವೆಗೆ ತಾನು ತೊಡುವ ರವಿಕೆಯ ಬಟ್ಟೆ ತಂದ ದಿನ ಪರದೆಯ ಹಿಂದೆ ನಿಂತು ದನಿ ತಗ್ಗಿಸಿ ಕೇಳಿದಳು. "ಅಕ್ಕಾ, ತೋಳು ಮೊಣಕೈ ತನಕ ಇಡು, ರಟ್ಟಿ ಕಾಣಬಾರದು. ಮತ್ತ... ಮುಂದ ಏನಾರ ದಪ್ಪಂದು ಇಡಾಕ ಬರ್ತೈತೇನು? ಖಾಲಿ ಚೀಲ ಆಗ್ಯಾವು."

ನಾನು ಹದಿನೆಂಟನೆಯ ವಯಸ್ಸಿನಿಂದ ನನ್ನ ರವಿಕೆಯ ಒಳಗೆ ಬಟ್ಟೆಯ ಮಡಿಕೆ ಇಟ್ಟು ಹೊಲಿದುಕೊಂಡು ಬಂದವಳು. ಅದು ಅವಳಿಗೆ ಗೊತ್ತಿತ್ತು.

"ಇಡ್ತೀನಿ. ಚಲೋ ಆತು ಬಿಡು, ಮೈಯಾಗ ಏನೂ ಇಲ್ಲ, ಬಟ್ಟಿ ಉಳೀತೈತಿ" ಅಂದೆ.

ಆ ಮಾತನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು ಅವಳ ಮುಖಕ್ಕೆ ಎಸೆದಿದ್ದೆ. ಅವಳು ಬೆಚ್ಚುತ್ತಾಳೆ ಎಂದು ಕಾದೆ. ಅವಳು ನಕ್ಕು, "ಹೌದಲ್ಲ, ಉಳಿದದ್ರಾಗ ನೀನೂ ಒಂದು ಹೊಲ್ಕೋ" ಎಂದಳು. ನೆನಪೇ ಇರಲಿಲ್ಲ ಅವಳಿಗೆ. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದನ್ನು ಅವಳು ಅವತ್ತೇ ಅಲ್ಲೇ ಬಿಟ್ಟು ಹೋಗಿದ್ದಳು. ಆ ಸಿಟ್ಟಿಗೆ ಮದುವೆಯ ರವಿಕೆಯನ್ನು ಎಲ್ಲಕ್ಕಿಂತ ಬಿಗಿಯಾಗಿ ಹೊಲಿದೆ. "ಇನ್ನಾ ಇಳೀಬೇಕಲೇ, ಬೀಗರ ಮುಂದ ಹಂಗs ನಿಂದ್ರತೀಯೇನು?" ಎಂದೂ ಹೇಳಿ ಕಳಿಸಿದೆ.

ಮದುವೆ ಹಡಗಲಿಯಲ್ಲಿ. ಅಲ್ಲಿ ಮಲ್ಲಿಗೆಗೆ ಕೊರತೆಯೇ? ಹೆಂಗಸರಿಗೆಲ್ಲ ಬಾಗಿಲಲ್ಲೇ ಮೊಳಗಟ್ಟಲೆ ದಂಡೆ ಕೊಡುತ್ತಿದ್ದರು. ತಂಗಿಯ ಜಡೆಗೆ ಮುಡಿಸಿದ ದಂಡೆ ನಿಲ್ಲಲಿಲ್ಲ. ಕೂದಲು ತೆಳ್ಳಗಾಗಿ ಜಾರಿ ಜಾರಿ ಬೀಳುತ್ತಿತ್ತು. ಪಿನ್ನು ಚುಚ್ಚಿ ಚುಚ್ಚಿ ನಿಲ್ಲಿಸಿದೆವು. ಅವಳು ಅಷ್ಟು ಪಾಡು ಪಟ್ಟದ್ದು ಒಂದು ಮಾತಿಗಾಗಿ. ಏನು ಚೆಂದ ಆಗೀರಿ ಎಂದು ಯಾರಾದರೂ ಅನ್ನಲಿ ಎಂದು. ಬಂದವರು ಒಬ್ಬರಾದ ಮೇಲೆ ಒಬ್ಬರು ಅವಳ ಕೈ ಹಿಡಿದು, "ಏನಾತವ್ವ ನಿನಗ? ಏನು ಕಾಯಿಲಿ?" ಎಂದು ಕೇಳಿದರು. ಗಂಡಿನ ಕಡೆಯ ಮುದುಕಿಯೊಬ್ಬಳು ತನ್ನ ಪಕ್ಕದವಳಿಗೆ, ಕಿವಿ ಕೇಳದವಳ ದನಿಯಲ್ಲಿ, "ಬೀಗಿತಿಗೆ ಏನೋ ದೊಡ್ಡ ರೋಗ ಐತಿ, ಮುಚ್ಚಿಟ್ಟಾರ" ಎಂದಳು. ತಂಗಿಗೆ ಅದು ಕೇಳಿಸಿತು. ನನಗೂ ಕೇಳಿಸಿತು. ಮುಹೂರ್ತಕ್ಕೆ ಮುಂಚಿನ ಪಂಕ್ತಿಯಲ್ಲೇ ಕುಳಿತು ನಾನು ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡೆ.

ಇನ್ನೇನು ಅಕ್ಷತೆ ಬೀಳಬೇಕು ಅನ್ನುವಾಗ ಅವಳು ನಿಂತಲ್ಲೇ ಕುಸಿದಳು. ಎರಡು ದಿನದಿಂದ ಕುಡಿದ ನೀರೂ ಹೊಟ್ಟೆಯಲ್ಲಿ ನಿಂತಿರಲಿಲ್ಲವಂತೆ. ಮದುಮಗಳು ಹಸೆ ಬಿಟ್ಟು ಏಳಲು ಹೋದಳು, ಹಿರಿಯರು ತಡೆದರು. ತಂಗಿಯ ಗಂಡ, ನಾನು, ಅವ್ವ ಕಾರಿನಲ್ಲಿ ದವಾಖಾನೆಗೆ ಒಯ್ದೆವು. ದಾರಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಒಣಗಿ ಬಿರಿದಿತ್ತು, ಕೈ ತಣ್ಣಗಿತ್ತು. ಆಗ ನನ್ನ ಬಾಯಲ್ಲಿದ್ದ ಬೆಲ್ಲ ಮೊದಲ ಸಲ ಬೇರೆ ರುಚಿಗೆ ತಿರುಗಿತು.

ನರ್ಸು ಹುಕ್ಕು ಬಿಚ್ಚಲು ನೋಡಿದಳು, ಬರಲಿಲ್ಲ. "ಯಾರ್ರಿ ಹಿಂಗ ಹೊಲಿದೋರು? ಮನಷ್ಯಾರು ಉಸಿರಾಡೋದು ಬ್ಯಾಡೇನು?" ಎನ್ನುತ್ತ ಕತ್ತರಿ ತಂದು ಬಗಲಿನಲ್ಲೇ ಸೀಳಿದಳು. ಹೊಲಿಗೆ ಬಿಚ್ಚಿಕೊಂಡು, ಒಳಗಿದ್ದ ಬಟ್ಟೆಯೆಲ್ಲ ಹೊರಗೆ ಬಿತ್ತು. ಎರಡು ಬೆರಳಿನಷ್ಟಲ್ಲ, ಅಂಗೈ ಅಗಲ. ಅದರ ಮೇಲೆ ಸಾಲಿನ ಪಕ್ಕ ಸಾಲು.

ಅವ್ವ ಅದನ್ನು ನೋಡಿ, ನನ್ನ ಕಡೆ ನೋಡಿದಳು. "ಇಷ್ಟು ಬಟ್ಟಿ ಒಳಗಿಟ್ಟು ಯಾಕ ಹೊಲಿದೀಯ?" ಎಂದಳು. ಅವ್ವ ಮತ್ತೆ ಕೇಳಲಿಲ್ಲ. ಅಂದಿನಿಂದ ಇಂದಿನವರೆಗೂ ಕೇಳಿಲ್ಲ. ಆದರೆ ಅವತ್ತಿನಿಂದ ತನ್ನ ರವಿಕೆಯನ್ನು ನನ್ನ ಕೈಗೆ ಕೊಡುವುದಿಲ್ಲ, ಸೂಜಿ ದಾರ ತೆಗೆದುಕೊಂಡು ಹೊಸ್ತಿಲಲ್ಲಿ ಕುಳಿತು ತಾನೇ ತೇಪೆ ಹಾಕಿಕೊಳ್ಳುತ್ತಾಳೆ.

ಡಾಕ್ಟರು ಪೆನ್ನಿನ ಅಳತೆ ಕೇಳಿ, "ಇಷ್ಟು ಬೇಗ ಇಷ್ಟಕ್ಕೆ ಹೋಗೋಕೆ ಯಾರು ಹೇಳಿದ್ರು?" ಎಂದು ಗದರಿದರು. ಇನ್ನೆರಡು ದಿನ ಹೀಗೇ ನೀರಿಲ್ಲದೆ ಇದ್ದಿದ್ದರೆ ಕಿಡ್ನಿಗೆ ಪೆಟ್ಟಾಗುತ್ತಿತ್ತು, ಜೀವಕ್ಕೇ ಬರುತ್ತಿತ್ತು ಎಂದರು. ತಂಗಿಯ ಗಂಡ, "ಈಕೀಗೆ ಸಣ್ಣಗಾಗೋ ಹುಚ್ಚುರಿ ಸಾರ್" ಎಂದ. ತಂಗಿ ಕಣ್ಣು ತೆರೆದಿದ್ದಳು. ಸಲಾಯಿನ್ ಸೂಜಿ ಹಾಕದ ಕೈಯಿಂದ ಆ ಹರಿದ ರವಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಸಾಲುಗಳ ಮೇಲೆ ಉಗುರಿನಿಂದ ಒಂದೊಂದಾಗಿ ಗೀರುತ್ತ ಹೋದಳು. ನನ್ನನ್ನು ನೋಡಲಿಲ್ಲ.

ಮಗಳ ಕೊರಳಿಗೆ ತಾಳಿ ಬಿದ್ದದ್ದನ್ನು ಅವಳು ಆಮೇಲೆ ಮೊಬೈಲಿನಲ್ಲಿ ನೋಡಿದಳು. ಅದನ್ನು ನಾನು ಯಾವ ಹೊಲಿಗೆ ಬಿಚ್ಚಿದರೂ ಹಿಂದಕ್ಕೆ ತರಲಾರೆ.

ಇನ್ನು ನನ್ನ ಅಂಗಡಿಗೆ ಅವಳು ಕಾಲಿಡುವುದಿಲ್ಲ ಎಂದುಕೊಂಡೆ. ಹಾಗಾಗಲಿ ಎಂದೂ ಬೇಡಿಕೊಂಡೆ, ಯಾಕೆಂದರೆ ಬಾರದಿದ್ದರೆ ನನಗೆ ಸುಲಭ. ಅದು ಅವಳಿಗೂ ಗೊತ್ತಿದ್ದಿರಬೇಕು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಮೂರ್ನಾಲ್ಕು ಹೆಂಗಸರು ಕುಳಿತಿದ್ದಾಗ, ರವಿಕೆಗಳ ದೊಡ್ಡ ಗಂಟು ಹೊತ್ತು ಬಂದಳು. ಸೂಜಿ ಬಿಟ್ಟಿದ್ದಳು, ಡಾಕ್ಟರು ಕೊಟ್ಟ ಬೇರೆ ಗುಳಿಗೆ ನುಂಗುತ್ತಿದ್ದಳು. ಗಲ್ಲಕ್ಕೆ ಸ್ವಲ್ಪ ರಕ್ತ ಬಂದಿತ್ತು. ರಟ್ಟೆಯ ತೊಗಲು ಹಾಗೇ ಜೋತಿತ್ತು, ಆದರೆ ಅವತ್ತು ಗಿಡ್ಡ ತೋಳಿನ ರವಿಕೆಯನ್ನೇ ತೊಟ್ಟು ಬಂದಿದ್ದಳು.

ಪರದೆಯ ಹಿಂದೆ ಹೋಗಲಿಲ್ಲ. ಎಲ್ಲರ ಮುಂದೆ ನಿಂತು ಕೈ ಎತ್ತಿದಳು.

"ಅಳತಿ ತಗೋ ಅಕ್ಕಾ. ಗಟ್ಟಿಯಾಗಿ ಹೇಳು."

ನಾನು ಟೇಪು ಸುತ್ತಿದೆ. "ಮೂವತ್ತಾರು" ಅಂದೆ.

"ಕೇಳಲಿಲ್ಲ."

"ಮೂವತ್ತಾರು."

"ಅವರಿಗೂ ತೋರಿಸು. ಏ ಅಕ್ಕಾರ, ಸ್ವಲ್ಪ ನೋಡ್ರಿ, ನಮ್ಮಕ್ಕಗ ಕಣ್ಣು ಮಂಜಾಗ್ಯಾವು, ಮೂವತ್ತಾರಕ್ಕ ಮೂವತ್ತೆಂಟು ಕಾಣ್ತಾವು."

ಕುಳಿತಿದ್ದ ಹೆಂಗಸೊಬ್ಬಳು ತಮಾಷೆಯೆಂದು ಎದ್ದು ಬಂದು, ಟೇಪು ನೋಡಿ, "ಬರೋಬ್ಬರಿ ಮೂವತ್ತಾರು ಐತ್ರಿ" ಎಂದಳು. ರಟ್ಟೆ, ಸೊಂಟ, ಬೆನ್ನು, ಎಲ್ಲವನ್ನೂ ತಂಗಿ ಹೀಗೆಯೇ ನನ್ನ ಬಾಯಿಂದ ಹೇಳಿಸಿದಳು, ಪ್ರತಿ ಅಳತೆಯನ್ನೂ ಎರಡೆರಡು ಸಲ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವ ಹಾಗೆ, "ಅವನ ಸಲುವಾಗಿ ಅಲ್ಲೇನು ಇಷ್ಟೆಲ್ಲಾ? ಬಸ್ ಸ್ಟ್ಯಾಂಡಿನ್ಯಾಗ ಕುಂತು ಮಿರ್ಚಿ ತಿನ್ನಾಕತ್ಯಾನ ನೋಡು. ಹೋಗು, ಕರಕೊಂಡು ಹೋಗು. ರಾತ್ರೆಲ್ಲಾ ಗೊರಕಿ ಹೊಡೀತಾನ, ಹೇಳೀನಿ ಮೊದಲs" ಎಂದಳು.

ನಗು ಬರಬೇಕಾದ ಮಾತು. ಇಬ್ಬರಿಗೂ ಬರಲಿಲ್ಲ.

ಗಂಟು ಬಿಚ್ಚಿ ರವಿಕೆಗಳನ್ನು ನನ್ನ ಮೇಜಿನ ಮೇಲೆ ಸುರಿದಳು. "ಎಲ್ಲಾನೂ ಸರಿ ಅಳತಿಗೆ ಹೊಲಿ. ಒಳಗ ಒಂದೆಳಿ ಬಟ್ಟಿ ಬಿಡಬ್ಯಾಡ. ಕತ್ತರಿಸಿ ಒಗಿ."

"ಹಂಗ ಮಾಡಬಾರದಲೇ" ಅಂದೆ. "ನಾಳೆ ಮೈ ಬಂದ್ರ ಒಂದೂ ಬರಾಂಗಿಲ್ಲ. ಬಟ್ಟಿ ಹಾಳಾಗ್ತೈತಿ."

"ಹಾಳಾಗ್ಲಿ. ಹೊಸಾದು ತರ್ತೀನಿ, ಅದನ್ನೂ ನಿನಗs ಕೊಡ್ತೀನಿ. ಅವಾಗೂ ಹಿಂಗs ಅಳತಿ ತಗೋವಂತಿ. ಇರೂತನಕ."

ಸ್ಟೂಲಿನ ಮೇಲೆ ಬಟ್ಟೆಯ ಗಂಟು ಹಾಸಿಕೊಂಡು ನನ್ನ ಎದುರಿಗೆ ಕುಳಿತಳು. ನಮ್ಮ ಕಸುಬಿನಲ್ಲಿ ಒಳಗಿನ ಬಟ್ಟೆಯನ್ನು ಯಾರೂ ಕತ್ತರಿಸುವುದಿಲ್ಲ. ನನಗೆ ಹೊಲಿಗೆ ಕಲಿಸಿದವರು ಮೊದಲ ದಿನವೇ ಹೇಳಿದ ಮಾತು ಅದು. ನಾನು ಕತ್ತರಿ ಎತ್ತಿಕೊಂಡೆ. ಮದುವೆಗೆಂದು ಹೊಲಿದದ್ದು ಎಲ್ಲಕ್ಕಿಂತ ಮೇಲಿತ್ತು, ನರ್ಸು ಸೀಳಿದ ಬಗಲು ಹಾಗೇ ಬಾಯಿ ತೆರೆದಿತ್ತು.

"ಅದರಿಂದs ಶುರು ಮಾಡು" ಎಂದಳು ತಂಗಿ.

ರೇಷ್ಮೆಯ ಪಟ್ಟಿ ಉದ್ದಕ್ಕೆ ಕತ್ತರಿಸಿಕೊಂಡು ನನ್ನ ಕಾಲ ಮೇಲೆ ಬಿತ್ತು. ಅವಳು ಅದನ್ನು ನೋಡುತ್ತ, ಮುಂದಿನ ರವಿಕೆಯನ್ನು ನನ್ನ ಕಡೆ ತಳ್ಳಿದಳು.